ಶಾಲೆ ಸಾಮಾನು: ಪೇಟೆಗೆ ಹೋಗುವ ಮೊದಲು ಟ್ರಂಕು ತೆಗೆಯಿರಿ

ಮೇ ಕೊನೆಯ ವಾರ. ಒಂದು ಕಡೆ ಹೆಸರು, ಶೇಂಗಾ, ಹತ್ತಿ ಬಿತ್ತಲು ಬೀಜ-ಗೊಬ್ಬರದ ಗಡಿಬಿಡಿ, ಇನ್ನೊಂದು ಕಡೆ ಶಾಲೆ ಆರಂಭ. ನವಲಗುಂದ, ಅಣ್ಣಿಗೇರಿ, ಕುಂದಗೋಳ, ಕಲಘಟಗಿ ಕಡೆಯ ಮನೆಗಳಲ್ಲಿ ಎರಡೂ ಖರ್ಚು ಒಂದೇ ಕಿಸೆಯಿಂದ ಹೋಗಬೇಕು. ಹೀಗಿದ್ದರೂ ಹುಬ್ಬಳ್ಳಿಯ ದುರ್ಗದ ಬೈಲಿಗೆ ಹೋಗಿ ಅಂಗಿಯಿಂದ ಹಿಡಿದು ರಬ್ಬರಿನವರೆಗೆ ಎಲ್ಲ ಹೊಸದು ತರುವವರು ಕಡಿಮೆಯೇನಿಲ್ಲ. ರೊಕ್ಕ ಸಾಲದಿದ್ದರೆ ಉದ್ರಿ. ಆಮೇಲೆ ಶಾಲೆಯಿಂದ ಬಟ್ಟೆ ಬರುತ್ತದೆ, ಬೂಟು ಬರುತ್ತದೆ, ತಂದದ್ದು ಗೂಟಕ್ಕೆ ನೇತಾಡುತ್ತದೆ.

ವರ್ಷಾ ವರ್ಷಾ ಎಲ್ಲ ಹೊಸದು ಬೇಕೇ? ಬೇಡ. ಆದರೆ ಎಲ್ಲ ಹಳೆಯದರಲ್ಲೇ ನಡೆಯುತ್ತದೆ ಎನ್ನುವುದೂ ತಪ್ಪು. ಯಾವುದು ಬೇಕು, ಯಾವುದು ಬೇಡ ಎಂದು ತಿಳಿಯಲು ಒಂದು ಕ್ರಮವಿದೆ: ಮೊದಲು ಶಾಲೆ, ಆಮೇಲೆ ಟ್ರಂಕು, ಆಮೇಲೆ ಸಿಂಪಿಗರು, ಕಡೆಗೆ ಪೇಟೆ. ನಮ್ಮವರು ಪೇಟೆಯಿಂದಲೇ ಶುರು ಮಾಡುತ್ತಾರೆ. ತಪ್ಪುವುದು ಅಲ್ಲೇ.

1. ಶಾಲೆಗೆ ಹೋಗಿ ಕೇಳಿ

ಸರ್ಕಾರಿ ಶಾಲೆಯ ಮಕ್ಕಳಿಗೆ ಪಠ್ಯಪುಸ್ತಕ ಉಚಿತ. ವಿದ್ಯಾವಿಕಾಸ ಯೋಜನೆಯಲ್ಲಿ ಸಮವಸ್ತ್ರದ ಬಟ್ಟೆ ಬರುತ್ತದೆ, ಹೊಲಿಸುವ ಖರ್ಚು ಮಾತ್ರ ನಿಮ್ಮದು. ಒಂದರಿಂದ ಹತ್ತನೇ ತರಗತಿವರೆಗೆ ಒಂದು ಜೊತೆ ಬೂಟು, ಎರಡು ಜೊತೆ ಕಾಲುಚೀಲ ಕೊಡುವ ವ್ಯವಸ್ಥೆಯಿದೆ. ಅದರ ದುಡ್ಡು ಶಾಲಾ ಅಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಗೆ, ಅಂದರೆ ಎಸ್‌ಡಿಎಂಸಿಗೆ ಬರುತ್ತದೆ. 2022-23ರಲ್ಲಿ ಒಬ್ಬ ವಿದ್ಯಾರ್ಥಿಗೆ ಇಟ್ಟ ದರ ಹೀಗಿತ್ತು: 1ರಿಂದ 5ನೇ ತರಗತಿಗೆ 265 ರೂಪಾಯಿ, 6ರಿಂದ 8ಕ್ಕೆ 295, 9 ಮತ್ತು 10ಕ್ಕೆ 325. ಎರಡು ಜೊತೆ ಸಮವಸ್ತ್ರ ಮತ್ತು ಬೂಟು ಕೊಡುವುದು ಸರ್ಕಾರದ ಹೊಣೆ ಎಂದು 2019ರಲ್ಲಿ ಹೈಕೋರ್ಟ್ ಹೇಳಿತ್ತು. ಸರಿಯಾಗಿ ಪಾಲಿಸಲಿಲ್ಲವೆಂದು 2023ರಲ್ಲಿ ಮತ್ತೆ ಸರ್ಕಾರವನ್ನು ತರಾಟೆಗೆ ತೆಗೆದುಕೊಂಡಿತು. ಹಾಗಾಗಿ ಕೇಳುವುದಕ್ಕೆ ಸಂಕೋಚ ಬೇಡ.

ಮುಖ್ಯೋಪಾಧ್ಯಾಯರನ್ನು ಮೂರು ಮಾತು ಕೇಳಿ. ಬಟ್ಟೆ ಬಂದಿದೆಯೇ, ಯಾವಾಗ ಬರಬಹುದು? ಎರಡನೇ ಜೊತೆಯ ಕಥೆ ಏನು? ಬೂಟಿನ ಅಳತೆ ಯಾವಾಗ ತೆಗೆದುಕೊಳ್ಳುತ್ತೀರಿ? ಬರುವುದು ತಡವಾಗುತ್ತದೆ ಎಂದರೂ ಗಾಬರಿಯಾಗಬೇಡಿ. ಹೋದ ವರ್ಷದ ಅಂಗಿಯಲ್ಲೇ ಒಂದೆರಡು ತಿಂಗಳು ಕಳೆಯಬಹುದು. ಯಾವ ಮಾಸ್ತರರೂ ಅದಕ್ಕೆ ಮಗುವನ್ನು ಹೊರಗೆ ನಿಲ್ಲಿಸಕೂಡದು. ನಿಲ್ಲಿಸಿದರೆ ಎಸ್‌ಡಿಎಂಸಿ ಅಧ್ಯಕ್ಷರ ಕಿವಿಗೆ ಹಾಕಿ.

ಖಾಸಗಿ ಶಾಲೆಗೆ ಕಳಿಸುವವರು ಇದನ್ನು ಓದಿಕೊಳ್ಳಿ. ಪಠ್ಯಕ್ರಮ, ಸಮವಸ್ತ್ರ ಮುಂತಾದವುಗಳ ಬಗ್ಗೆ ರಾಜ್ಯದಲ್ಲಿ 1995ರ ನಿಯಮಗಳಿವೆ. ಅದರ 11ನೇ ನಿಯಮದ ಪ್ರಕಾರ, ಶಾಲೆ ಒಮ್ಮೆ ಗೊತ್ತುಮಾಡಿದ ಸಮವಸ್ತ್ರವನ್ನು ಮುಂದಿನ ಐದು ವರ್ಷ ಬದಲಿಸುವಂತಿಲ್ಲ. ಬದಲಿಸುವುದಿದ್ದರೆ ಕನಿಷ್ಠ ಒಂದು ವರ್ಷ ಮೊದಲೇ ಪಾಲಕರಿಗೆ ನೋಟಿಸು ಕೊಡಬೇಕು. “ಈ ವರ್ಷ ಟೈ ಬಣ್ಣ ಬದಲಾಗೇತ್ರಿ, ಪಟ್ಟಾಪಟ್ಟಿ ಅಂಗಿ ಬಂದೇತ್ರಿ” ಎಂದು ಜೂನಿನಲ್ಲಿ ಚೀಟಿ ಕೊಟ್ಟರೆ, ಹೋದ ವರ್ಷದ ನೋಟಿಸು ತೋರಿಸಿ ಎಂದು ಕೇಳುವ ಹಕ್ಕು ನಿಮಗಿದೆ. ಒಬ್ಬರೇ ಹೋಗಬೇಡಿ, ನಾಲ್ಕು ಮಂದಿ ಪಾಲಕರು ಕೂಡಿ ಹೋಗಿ.

2. ಟ್ರಂಕು ತೆಗೆದು ಮೂರು ಗುಂಪು ಮಾಡಿ

ಹೋದ ವರ್ಷದ ಸಾಮಾನು ಪೂರಾ ಪಡಸಾಲೆಯಲ್ಲಿ ಹರವಿ. ಮಗುವಿಗೆ ಅಂಗಿ, ಚಡ್ಡಿ, ಲಂಗ ತೊಡಿಸಿಯೇ ನೋಡಬೇಕು, ಎದೆಗೆ ಹಿಡಿದು ನೋಡಿದರೆ ಗೊತ್ತಾಗುವುದಿಲ್ಲ. ಕೈ ಮೇಲೆತ್ತಿಸಿ, ನೆಲಕ್ಕೆ ಕುಳ್ಳಿರಿಸಿ. ಬಗಲು ಬಿಗಿಯುತ್ತದೆಯೇ, ಕುಳಿತರೆ ಸೊಂಟ ಒತ್ತುತ್ತದೆಯೇ ನೋಡಿ. ಆಮೇಲೆ ಹೀಗೆ ಬೇರೆ ಮಾಡಿ:

- ಹಾಗೇ ನಡೆಯುವುದು
- ಸಿಂಪಿಗರ ಕೈಯಲ್ಲಿ ಸರಿಹೋಗುವುದು: ಗುಂಡಿ, ಜಿಪ್ಪು, ಉದ್ದ, ಸೊಂಟದ ಇಲಾಸ್ಟಿಕ್
- ಕೆಲಸ ಮುಗಿದದ್ದು: ಕುಂಡೆ ಮೇಲೆ ಜಾಳಾದ ಚಡ್ಡಿ, ಬಗಲಲ್ಲಿ ಪಿಸಿದ ಅಂಗಿ

ಮೂರನೇ ಗುಂಪಿನ ಎದುರಿಗೆ ಮಾತ್ರ ಹೊಸದು ಬರೆಯಿರಿ. ಅದರಿಂದ ಗುಂಡಿ, ಜಿಪ್ಪು ಬಿಚ್ಚಿ ಇಟ್ಟುಕೊಂಡು, ಬಟ್ಟೆಯನ್ನು ನೆಲ ಒರೆಸಲು ಬಳಸಿ.

ಅಣ್ಣನದು ತಮ್ಮನಿಗೆ, ಅಕ್ಕನದು ತಂಗಿಗೆ ಬರುವುದು ನಮ್ಮಲ್ಲಿ ಹಳೆಯ ಪದ್ಧತಿ, ಒಳ್ಳೆಯದೇ. ಆದರೆ ಕಿರಿಯ ಮಗುವಿನ ಪಾಲಿಗೆ ವರ್ಷಾ ವರ್ಷಾ ಬರೀ ಹಳೆಯದೇ ಬರಬಾರದು. ಒಂದಾದರೂ ಹೊಸದು, ಅದೂ ತಾನೇ ಆರಿಸಿದ್ದು, ಅದಕ್ಕೆ ಸಿಗಲಿ. ಹತ್ತು ರೂಪಾಯಿಯ ಪೆನ್ಸಿಲ್ ಡಬ್ಬಿಯಾದರೂ ಸಾಕು.

3. ಬಟ್ಟೆ: ಒಳಗೆ ಬಿಟ್ಟು ಹೊಲಿಸಿ

ಪ್ರಾಥಮಿಕ ಶಾಲೆಯ ವಯಸ್ಸಿನಲ್ಲಿ ಮಕ್ಕಳು ವರ್ಷಕ್ಕೆ ಸುಮಾರು 5ರಿಂದ 6 ಸೆಂಟಿಮೀಟರ್ ಎತ್ತರ ಬೆಳೆಯುತ್ತಾರೆ. ಅದರಲ್ಲಿ ಕಾಲಿನ ಪಾಲು ಹೆಚ್ಚುಕಡಿಮೆ ಅರ್ಧ. ಅಂದರೆ ಕೆಳಗಿನ ಮಡಿಕೆಯಲ್ಲಿ ಮೂರು ಇಂಚು ಬಟ್ಟೆ ಒಳಗೆ ಬಿಟ್ಟು ಹೊಲಿಸಿದರೆ ಎರಡು ವರ್ಷ ಉದ್ದದ ಚಿಂತೆಯಿಲ್ಲ. ಅಗಲಕ್ಕೆ ಪಕ್ಕದ ಹೊಲಿಗೆಯಲ್ಲಿ ಒಂದಿಂಚು ಇರಲಿ. ಇದನ್ನು ಬಟ್ಟೆ ಕತ್ತರಿಸುವ ಮೊದಲೇ ಹೇಳಬೇಕು. ಜೂನಿನಲ್ಲಿ ಸಿಂಪಿಗರ ಅಂಗಡಿಯಲ್ಲಿ ಬಟ್ಟೆ ಗುಡ್ಡೆ ಬಿದ್ದಿರುತ್ತದೆ, ನೀವು ಹೇಳದಿದ್ದರೆ ಉಳಿದದ್ದನ್ನು ಕತ್ತರಿಸಿ ಕೆಳಗೆ ಹಾಕುತ್ತಾರೆ.

“ಅಣ್ಣಾರ, ಕೆಳಗ ಮೂರ ಇಂಚ ಬಿಡ್ರಿ.”

“ಅಷ್ಟ ಬಿಟ್ರ ಜೋತ ಬೀಳತೈತಿ ಬೇ.”

“ಎರಡ ಮಡಿಕಿ ಹಾಕಿ ಕೈಹೊಲಿಗಿ ಹಾಕ್ರಿ, ಮಶೀನ್ ಹೊಲಿಗಿ ಬ್ಯಾಡ.”

ಈ ಮಾತು ಸಾಕು. ಕೈಹೊಲಿಗೆಯಾದರೆ ಮುಂದಿನ ವರ್ಷ ಮನೆಯಲ್ಲೇ ಬಿಚ್ಚಬಹುದು, ಮಶೀನಿನ ತೂತು ಉಳಿಯುವುದಿಲ್ಲ. ಬಿಚ್ಚಿದಾಗ ಹಳೆಯ ಮಡಿಕೆಯ ಕಡೆ ಬಣ್ಣ ಮಾಸದ ಪಟ್ಟಿಯೊಂದು ಕಾಣುತ್ತದೆ. ಅದೇ ಬಣ್ಣದ ದಾರದಿಂದ ಅದರ ಮೇಲೆ ಒಂದು ಸಾಲು ಹೊಲಿಗೆ ಹಾಕಿದರೆ ಬೇಕಂತಲೇ ಮಾಡಿದ ಅಂಚಿನಂತೆ ಕಾಣುತ್ತದೆ. ಹೊಲಿಯಲು ಕೊಡುವ ಹಿಂದಿನ ರಾತ್ರಿ ಬಟ್ಟೆಯನ್ನು ನೀರಲ್ಲಿ ನೆನೆಹಾಕಿ ಒಣಗಿಸಿ, ಕುಗ್ಗುವುದೆಲ್ಲ ಆಗಲೇ ಕುಗ್ಗಲಿ.

ನಿಜವಾಗಿ ಹೊಸದು ಬೇಕಾಗುವ ವರ್ಷ ಏಳು ಮುಗಿಸಿ ಎಂಟಕ್ಕೆ ಹೋಗುವಾಗ. ಆಗ ಸಾಮಾನ್ಯವಾಗಿ ಲಂಗ ಹೋಗಿ ಚೂಡಿದಾರ, ಚಡ್ಡಿ ಹೋಗಿ ಪ್ಯಾಂಟು ಬರುತ್ತದೆ. ಹುಡುಗಿಯರು ಹನ್ನೊಂದು-ಹನ್ನೆರಡಕ್ಕೆ, ಹುಡುಗರು ಹದಿಮೂರು-ಹದಿನಾಲ್ಕಕ್ಕೆ ಧಡಕ್ಕನೆ ಬೆಳೆಯುವುದರಿಂದ ಅಲ್ಲಿ ಮಡಿಕೆಯ ಲೆಕ್ಕ ನಡೆಯುವುದಿಲ್ಲ. ಉಳಿದ ವರ್ಷಗಳ ಉಳಿತಾಯ ಆ ವರ್ಷಕ್ಕೆ ಇರಲಿ.

ನವಲಗುಂದ, ಅಣ್ಣಿಗೇರಿ ಕಡೆ ಬೋರ್‌ವೆಲ್ಲಿನ ಸವಳು ನೀರಲ್ಲಿ ತೊಳೆದರೆ ಸಾಬೂನು ನೊರೆ ಬಿಡುವುದಿಲ್ಲ, ತಿಳಿಬಣ್ಣದ ಅಂಗಿ ಮಂಕಾಗುತ್ತದೆ. ಕೆರೆಯ ಅಥವಾ ಮಲಪ್ರಭಾ ಕಾಲುವೆಯ ನೀರು ಸಿಕ್ಕ ದಿನ ಶಾಲೆಯ ಬಟ್ಟೆ ಮೊದಲು ಒಗೆಯಿರಿ. ಎಷ್ಟೋ ಅಂಗಿಗಳನ್ನು ನಾವು ಹಳೆಯದಾಯಿತೆಂದು ಬಿಸಾಡುತ್ತೇವೆ, ಅವು ಕೆಟ್ಟದ್ದು ನೀರಿನಿಂದ.

4. ಬೂಟು: “ಮುಂದಿನ ವರ್ಷಕ್ಕೂ ಆಗತೈತಿ” ಎನ್ನಬೇಡಿ

ಈ ಲೇಖನದಲ್ಲಿ ಒಂದೇ ಒಂದು ಭಾಗ ನೆನಪಿಡುವುದಾದರೆ ಇದನ್ನು ನೆನಪಿಡಿ. ಅಂಗಿಯನ್ನು ದೊಡ್ಡದು ಮಾಡಿಸಬಹುದು, ಬೂಟನ್ನು ಮಾಡಿಸಬಾರದು. ಅಂಗಿಯ ಹೆಚ್ಚುವರಿ ಬಟ್ಟೆ ಮಡಿಕೆಯೊಳಗೆ ಅಡಗಿ ಕೂರುತ್ತದೆ, ಬೂಟಿನೊಳಗಿನ ಹೆಚ್ಚುವರಿ ಜಾಗಕ್ಕೆ ಅಡಗಲು ಸ್ಥಳವಿಲ್ಲ.

ಅಂಗಡಿಯಲ್ಲಿ ನೋಡಿದ್ದೇನೆ. ಮಗುವಿನ ಕಾಲಿಗೆ 12ನೇ ನಂಬರು ಸರಿಹೋಗುತ್ತದೆ, ತಾಯಿ ಇನ್ನೂ ಎರಡು ನಂಬರು ದೊಡ್ಡದು ಕೊಡಿ ಎನ್ನುತ್ತಾಳೆ, ಅಂಗಡಿಯವನು ಮಾತಾಡದೆ ಕೊಡುತ್ತಾನೆ. ಒಂದು ನಂಬರಿಗೂ ಇನ್ನೊಂದಕ್ಕೂ ಸುಮಾರು ಎಂಟೂವರೆ ಮಿಲಿಮೀಟರ್ ಅಂತರ. ಎರಡು ನಂಬರೆಂದರೆ ಹದಿನೇಳು ಮಿಲಿಮೀಟರ್. ಮುಂದೆ ಹತ್ತಿ ತುರುಕಿ ಕಳಿಸುತ್ತೇವೆ. ಆಮೇಲೆ ಆಗುವುದೇನು ನೋಡಿ. ನಡೆಯುವಾಗ ಹಿಮ್ಮಡಿ ಮೇಲೆ ಕೆಳಗೆ ಜಾರುತ್ತದೆ, ಬೊಬ್ಬೆ ಏಳುತ್ತದೆ. ನೋವಿಗೆ ಮಗು ಬೂಟಿನ ಹಿಂಬದಿ ತುಳಿದು ಚಪ್ಪಲಿಯಂತೆ ಹಾಕಿಕೊಳ್ಳಲು ಶುರು ಮಾಡುತ್ತದೆ. ಕಾಲಿನ ಬೆರಳು ಬಾಗುವ ಜಾಗ ಒಂದು, ಬೂಟು ಬಾಗುವಂತೆ ಮಾಡಿದ ಜಾಗ ಇನ್ನೊಂದು, ಹಾಗಾಗಿ ತಳ ನಡುವೆಯೇ ಸೀಳುತ್ತದೆ. ಎರಿ ಹೊಲದ ದಾರಿಯಲ್ಲಂತೂ ಸಡಿಲು ಬೂಟನ್ನು ಕೆಸರು ಕಾಲಿನಿಂದಲೇ ಕಿತ್ತುಕೊಳ್ಳುತ್ತದೆ. ದೀಪಾವಳಿಯ ಹೊತ್ತಿಗೆ ಬೂಟು ಸತ್ತಿರುತ್ತದೆ, ಕಾಲು ಇನ್ನೂ ಅದಕ್ಕೆ ಬೆಳೆದಿರುವುದಿಲ್ಲ. ಎರಡು ವರ್ಷಕ್ಕೆಂದು ಕೊಂಡದ್ದು ಅರ್ಧ ವರ್ಷಕ್ಕೂ ಬರಲಿಲ್ಲ.

ಚಿಕ್ಕ ಬೂಟಿನಲ್ಲಿ ಕಾಲು ತುರುಕುವುದೂ ಅಷ್ಟೇ ಕೆಟ್ಟದ್ದು. ಉಗುರು ಒಳಕ್ಕೆ ಬೆಳೆಯುತ್ತದೆ, ಮಗು ಹೇಳುವುದಿಲ್ಲ.

ಅಳತೆ ತೆಗೆಯುವ ರೀತಿ ಹೀಗೆ. ಸಂಜೆ ಹೊತ್ತು, ಕಾಲು ತುಸು ಉಬ್ಬಿರುವಾಗ, ಹಳೆಯ ಕ್ಯಾಲೆಂಡರಿನ ಹಿಂಬದಿಯ ಮೇಲೆ ಮಗುವನ್ನು ಕಾಲುಚೀಲ ಹಾಕಿಸಿ ನಿಲ್ಲಿಸಿ. ಕೂತು ತೆಗೆದ ಅಳತೆ ಸುಳ್ಳು ಹೇಳುತ್ತದೆ. ಪೆನ್ಸಿಲನ್ನು ನೆಟ್ಟಗೆ ಹಿಡಿದು ಎರಡೂ ಕಾಲಿನ ಸುತ್ತ ಗೆರೆ ಎಳೆಯಿರಿ. ಯಾವುದು ಉದ್ದವೋ ಅದರ ಅಳತೆ ಹಿಡಿಯಿರಿ. ಹೆಬ್ಬೆರಳ ತುದಿಯಿಂದ ಬೂಟಿನ ಮೂತಿಗೆ ಒಂದು ಸೆಂಟಿಮೀಟರ್ ಜಾಗ ಉಳಿದರೆ ಸರಿ, ಅದಕ್ಕಿಂತ ಹೆಚ್ಚು ಬೇಡ. ಆ ಕಾಗದ ಕತ್ತರಿಸಿ ಪೇಟೆಗೆ ಒಯ್ಯಿರಿ, ಬೂಟಿನೊಳಗೆ ಇಟ್ಟು ನೋಡಿ.

ಶಾಲೆಯಿಂದ ಬರುವ ಬೂಟಿಗೆ ಮಾತ್ರ ಒಂದು ಎಚ್ಚರಿಕೆ. ಅಳತೆ ಬರೆದುಕೊಂಡ ದಿನಕ್ಕೂ ಬೂಟು ಕೈಗೆ ಬರುವ ದಿನಕ್ಕೂ ತಿಂಗಳುಗಳ ಅಂತರ ಇರಬಹುದು. ಅಲ್ಲಿ ಅರ್ಧದಿಂದ ಒಂದು ನಂಬರು ಮುಂದೆ ಬರೆಸಿ, ಅದಕ್ಕಿಂತ ಮುಂದೆ ಹೋಗಬೇಡಿ. ಕಲಘಟಗಿ ಕಡೆ ಮಳೆ ಜಾಸ್ತಿ, ಜುಲೈನಲ್ಲಿ ನೆಂದ ಬೂಟು ಮೂರು ದಿನವಾದರೂ ಒಣಗದು. ಸ್ಥಳದ ಹವಾಮಾನ ನೋಡಿ ಬೂಟಿನ ಬದಲು ಸ್ಯಾಂಡಲ್ ಕೊಡಲು ಸರ್ಕಾರದ ಆದೇಶದಲ್ಲೇ ಅವಕಾಶವಿದೆ. ಆ ಭಾಗದ ಎಸ್‌ಡಿಎಂಸಿಗಳು ಇದನ್ನು ಯೋಚಿಸಲಿ.

ಒಬ್ಬರು ತುಳಿದು ಹಿಮ್ಮಡಿ ಒಂದು ಬದಿಗೆ ಸವೆದ ಬೂಟನ್ನು ಇನ್ನೊಬ್ಬರಿಗೆ ಕೊಡಬೇಡಿ. ಅಂಗಿ ಕೈ ಬದಲಾಯಿಸಲಿ, ಬೂಟು ಬೇಡ.

5. ದಪ್ತರ, ಪುಸ್ತಕ, ನೋಟಬುಕ್ಕು

ದಪ್ತರದ ಜಿಪ್ಪು ಕೆಟ್ಟರೆ ಜಿಪ್ಪು ಹಾಕಿಸಿ, ಪಟ್ಟಿ ಕಿತ್ತರೆ ಚಪ್ಪಲಿ ಹೊಲಿಯುವವರ ಬಳಿ ಗಟ್ಟಿ ದಾರದಲ್ಲಿ ಹೊಲಿಸಿ. ಹೊಸದು ತರುವುದಿದ್ದರೂ ದೊಡ್ಡದು ಬೇಡ, ಜಾಗ ಇದ್ದಷ್ಟೂ ಮಗು ತುಂಬುತ್ತದೆ. 2019ರ ಸರ್ಕಾರಿ ಸುತ್ತೋಲೆಯ ಪ್ರಕಾರ 1-2ನೇ ತರಗತಿಯ ದಪ್ತರ 2 ಕಿಲೋ ದಾಟಬಾರದು, 3ರಿಂದ 5ಕ್ಕೆ 3 ಕಿಲೋ, 6ರಿಂದ 8ಕ್ಕೆ 4, 9-10ಕ್ಕೆ 5. ಕಿರಾಣಿ ಅಂಗಡಿಯ ತಕ್ಕಡಿಯಲ್ಲಿ ಒಮ್ಮೆ ತೂಗಿಸಿ.

ಅಣ್ಣನ ಪಠ್ಯಪುಸ್ತಕ ತಮ್ಮನಿಗೆ ಆಗುತ್ತದೆಯೇ? ಮುದ್ರಣದ ವರ್ಷ ನೋಡಿ. 2022ರಲ್ಲಿ ಪುಸ್ತಕಗಳು ಪರಿಷ್ಕರಣೆಯಾದವು, 2023ರಲ್ಲಿ 6ರಿಂದ 10ನೇ ತರಗತಿಯ ಕನ್ನಡ ಮತ್ತು ಸಮಾಜ ವಿಜ್ಞಾನದ ಪಾಠಗಳು ಮತ್ತೆ ಬದಲಾದವು. ಗಣಿತದ ಪುಸ್ತಕ ಅಭ್ಯಾಸಕ್ಕೆ ಇಟ್ಟುಕೊಳ್ಳಿ, ಉಳಿದವನ್ನು ಮಾಸ್ತರರಿಗೆ ತೋರಿಸಿ.

ನೋಟಬುಕ್ಕುಗಳನ್ನು ಜೂನಿನಲ್ಲಿ ಅರ್ಧ ವರ್ಷಕ್ಕಷ್ಟೇ ತನ್ನಿ. ದಸರಾ ರಜೆ ಮುಗಿದು ಎರಡನೇ ಅವಧಿ ಶುರುವಾಗುವ ಹೊತ್ತಿಗೆ ಹೆಸರು ಮಾರಿದ ರೊಕ್ಕ ಕೈಯಲ್ಲಿರುತ್ತದೆ, ಉಳಿದವನ್ನು ಉದ್ರಿಯಿಲ್ಲದೆ ಕೊಳ್ಳಬಹುದು. ಹಳೆಯ ನೋಟಬುಕ್ಕಿನ ಖಾಲಿ ಹಾಳೆ ಕಿತ್ತು, ಒಟ್ಟುಗೂಡಿಸಿ, ದಬ್ಬಣದಿಂದ ಮೂರು ಕಡೆ ತೂತು ಮಾಡಿ ಹೊಲಿದರೆ ಕಚ್ಚಾ ಲೆಕ್ಕಕ್ಕೆ ಒಂದು ಪುಸ್ತಕ. ಈ ಕೆಲಸ ಮಕ್ಕಳ ಕೈಯಲ್ಲೇ ಮಾಡಿಸಿ.

6. ಉಳಿದದ್ದು, ಚುಟುಕಾಗಿ

ಕಂಪಾಸ್ ಪೆಟ್ಟಿಗೆಯಲ್ಲಿ ಕಳೆದದ್ದು ಬರೀ ಕೋನಮಾಪಕವಾದರೆ ಅದನ್ನಷ್ಟೇ ಬಿಡಿಯಾಗಿ ಕೇಳಿ, ಸಿಗುತ್ತದೆ. ನೀರಿನ ಬಾಟಲಿಯ ಮುಚ್ಚಳ ಸೋರದಿದ್ದರೆ, ವಾಸನೆ ಹಿಡಿಯದಿದ್ದರೆ ಹಳೆಯದೇ ಸಾಕು. ಕೊಡೆಯ ಕಡ್ಡಿ ರಿಪೇರಿ ಮಳೆ ಹಿಡಿಯುವ ಮೊದಲು ಮುಗಿಸಿ. ಎಲ್ಲದರ ಮೇಲೂ ಮಗುವಿನ ಹೆಸರು ಬರೆಯಿರಿ, ಅಂಗಿಯಾದರೆ ಕೊರಳಪಟ್ಟಿಯ ಒಳಗೆ ದಾರದಿಂದ ಹೊಲಿಯಿರಿ. ಹೊಸದು ಕೊಳ್ಳಬೇಕಾಗಿ ಬರುವುದು ಕಳೆದುಹೋದದ್ದಕ್ಕೇ ಹೆಚ್ಚು. ಸ್ವೆಟರಿನ ಮಾತು ನವೆಂಬರಿಗೆ ಇರಲಿ.