ಸರ್ವರ್ ಬದಲಿಸುವ ಮೊದಲು ಸಮಿತಿ ಕರೆಯಿರಿ

ಪ್ರಶ್ನೆ: ನಾನು ಉತ್ತರ ಬೆಂಗಳೂರಿನ ಒಂದು ಖಾಸಗಿ ಕಾಲೇಜಿನಲ್ಲಿ ಗ್ರಂಥಪಾಲಕಿ. ಹತ್ತು ವರ್ಷದ ಹಿಂದೆ ನಮ್ಮ ಕಂಪ್ಯೂಟರ್ ವಿಭಾಗದ ಹುಡುಗನೊಬ್ಬ ಡಿಸ್ಪೇಸ್ ಎಂಬ ಉಚಿತ ತಂತ್ರಾಂಶ ಹಾಕಿಕೊಟ್ಟ. ಪಿಎಚ್‌.ಡಿ. ಪ್ರಬಂಧ, ಪ್ರಾಜೆಕ್ಟ್ ವರದಿ, ಹಳೆಯ ಪ್ರಶ್ನೆಪತ್ರಿಕೆ, 1984ರಿಂದ ಬಂದ ಕಾಲೇಜಿನ ಕನ್ನಡ ವಾರ್ಷಿಕ ಸಂಚಿಕೆ, ಎಲ್ಲವನ್ನೂ ನಾನೇ ಕೂತು ಅದಕ್ಕೆ ಏರಿಸಿದ್ದೇನೆ. ಈಗ ನಾಲ್ಕು ಸಾವಿರ ದಾಟಿದೆ. ಆ ಹುಡುಗ ಕೆಲಸ ಬಿಟ್ಟು ಹೋದ. ಇನ್ನೂ ಐದನೇ ಆವೃತ್ತಿಯೇ ಓಡುತ್ತಿದೆ. ಕಳೆದ ತಿಂಗಳು ಎರಡು ದಿನ ಸೈಟು ತೆರೆಯಲೇ ಇಲ್ಲ. ‘ಪುಕ್ಕಟೆ ಸಾಫ್ಟ್‌ವೇರ್ ಹಾಕಿಕೊಂಡರೆ ಹೀಗೇ ಆಗೋದು’ ಎಂದು ಪ್ರಾಂಶುಪಾಲರು ಒಬ್ಬ ವೆಂಡರ್‌ನ ಕರೆಸಿದ್ದಾರೆ. ‘ಎಲ್ಲವನ್ನೂ ನಮ್ಮ ಸಿಸ್ಟಂಗೆ ಹೊಸದಾಗಿ ಅಪ್‌ಲೋಡ್ ಮಾಡಿಕೊಡುತ್ತೇವೆ’ ಎಂದು ಅವರು ಕೊಟೇಶನ್ ಕೊಟ್ಟಿದ್ದಾರೆ. ಕಾಲೇಜಿನ ಮೌಲ್ಯಮಾಪನಕ್ಕೆ ನ್ಯಾಕ್ ತಂಡ ಬರುವುದರೊಳಗೆ ಮುಗಿಸಬೇಕಂತೆ. ನನಗೆ ಲಿನಕ್ಸ್ ಬಾರದು. ಏನಾದರೂ ಕಳೆದುಹೋದರೆ ಅಪವಾದ ನನ್ನ ಮೇಲೆ ಬರುತ್ತದೆ. ರಾತ್ರಿ ನಿದ್ದೆ ಹತ್ತುತ್ತಿಲ್ಲ. ಏನು ಮಾಡಲಿ?
– ಒಬ್ಬ ಗ್ರಂಥಪಾಲಕಿ, ಸಿಂಗಾಪುರ, ಬೆಂಗಳೂರು

ಉತ್ತರ: ಮೇಡಂ, ನಿಮ್ಮ ಪತ್ರದಲ್ಲಿ ಎರಡು ಚಿಂತೆಗಳು ಒಂದರೊಳಗೊಂದು ಸಿಕ್ಕಿಕೊಂಡಿವೆ. ಒಂದು, ಯಂತ್ರದ್ದು. ಇನ್ನೊಂದು, ಇದೆಲ್ಲ ಯಾರ ಜವಾಬ್ದಾರಿ ಎಂಬುದು. ಯಂತ್ರದ್ದಕ್ಕೆ ದಾರಿ ಇದೆ, ಬಲ್ಲವರೂ ಇದ್ದಾರೆ. ನಿಮ್ಮ ನಿದ್ದೆ ಕೆಡಿಸಿರುವುದು ಎರಡನೆಯದು. ಹತ್ತು ವರ್ಷ ಕಾಲೇಜಿನ ಆಸ್ತಿಯನ್ನು ನೀವೊಬ್ಬರೇ ಹೊತ್ತಿದ್ದೀರಿ, ಆ ಬಗ್ಗೆ ಕಾಲೇಜಿನ ಯಾವ ಕಡತದಲ್ಲೂ ಒಂದು ಸಾಲು ಇಲ್ಲ.

ಆದರೂ ಈ ವಾರವೇ ಆಗಬೇಕಾದ ಕೆಲಸವನ್ನು ಮೊದಲು ಹೇಳುತ್ತೇನೆ, ಮಿಕ್ಕಿದ್ದು ಕಾಯಬಹುದು. ಬ್ಯಾಕಪ್. ‘ಪಿಡಿಎಫ್‌ಗಳ ಕಾಪಿ ಇದೆ’ ಎಂದು ಯಾರಾದರೂ ಹೇಳಿದರೆ ನಂಬಿ ಸುಮ್ಮನಾಗಬೇಡಿ. ಡಿಸ್ಪೇಸ್ ತನ್ನ ಫೈಲುಗಳನ್ನು ಅಸೆಟ್‌ಸ್ಟೋರ್ ಎಂಬ ಫೋಲ್ಡರ್‌ನಲ್ಲಿ ಇಡುತ್ತದೆ. ಅದನ್ನು ತೆರೆದು ನೋಡಿ: ಎರಡೆರಡು ಅಂಕಿಯ ಫೋಲ್ಡರ್, ಅದರೊಳಗೆ ಇನ್ನೊಂದು, ಕೊನೆಗೆ ಮೂವತ್ತಕ್ಕೂ ಹೆಚ್ಚು ಅಂಕಿಗಳ ಒಂದು ಹೆಸರು. ಪಿಡಿಎಫ್ ಎಂಬ ಬಾಲವೂ ಇರುವುದಿಲ್ಲ. ಅದು 1984ರ ಸಂಚಿಕೆಯೋ ಕಳೆದ ವರ್ಷದ ಪ್ರಶ್ನೆಪತ್ರಿಕೆಯೋ ಎಂದು ಹೇಳುವುದು ಪೋಸ್ಟ್‌ಗ್ರೆಸ್ ಡೇಟಾಬೇಸ್ ಮಾತ್ರ. ಅಕ್ಸೆಶನ್ ರಿಜಿಸ್ಟರ್ ಸುಟ್ಟುಹೋಗಿ, ರಟ್ಟು ಕಿತ್ತ ಪುಸ್ತಕಗಳು ರಾಶಿ ಬಿದ್ದ ಗ್ರಂಥಾಲಯ ಹೇಗಿರುತ್ತದೋ, ಡೇಟಾಬೇಸ್ ಇಲ್ಲದ ಅಸೆಟ್‌ಸ್ಟೋರ್ ಹಾಗೆ. ಆದ್ದರಿಂದ ಎರಡನ್ನೂ ಒಂದೇ ದಿನ ತೆಗೆಯಬೇಕು. ಜೊತೆಗೆ ಕಾನ್ಫಿಗರೇಶನ್ ಫೈಲುಗಳು, ಮತ್ತು ಯಾವ ಪ್ರಬಂಧವನ್ನು ಎಷ್ಟು ಜನ ಇಳಿಸಿಕೊಂಡರು ಎಂಬ ಲೆಕ್ಕ ಇರುವ ಸೋಲಾರ್ ದತ್ತಾಂಶ. ಈ ಲೆಕ್ಕವನ್ನು ಬಹಳ ಜನ ಮರೆಯುತ್ತಾರೆ, ನ್ಯಾಕ್‌ನವರು ಕೇಳಿದಾಗ ಪೇಚಾಡುತ್ತಾರೆ. ಒಂದು ಪ್ರತಿ ಕಾಲೇಜಿನಲ್ಲಿರಲಿ, ಇನ್ನೊಂದು ಬೇರೆ ಕಟ್ಟಡದಲ್ಲಿ. ಕಂಪ್ಯೂಟರ್ ವಿಭಾಗದ ಒಬ್ಬ ಅಧ್ಯಾಪಕರು ಒಂದು ಮಧ್ಯಾಹ್ನ ಕೂತರೆ ಮುಗಿಯುವ ಕೆಲಸ ಇದು.

ಈಗ ಪ್ರಾಂಶುಪಾಲರ ಮಾತಿಗೆ ಬರೋಣ. ಡಿಸ್ಪೇಸ್ 2002ರಲ್ಲಿ ಅಮೆರಿಕದ ಎಂಐಟಿ ಮತ್ತು ಎಚ್‌ಪಿ ಲ್ಯಾಬ್ಸ್ ಸೇರಿ ಹೊರತಂದ ತಂತ್ರಾಂಶ. 2019ರಿಂದ ಲೈರಾಸಿಸ್ ಎಂಬ ಲಾಭರಹಿತ ಸಂಸ್ಥೆ ಅದಕ್ಕೆ ಆಸರೆ. ಸದಸ್ಯ ಸಂಸ್ಥೆಗಳು ವಂತಿಗೆ ಕೊಡುತ್ತವೆ, ಮುಂದಿನ ದಾರಿಯನ್ನು ಅವುಗಳ ಪ್ರತಿನಿಧಿಗಳ ಮಂಡಳಿ ಗೊತ್ತುಮಾಡುತ್ತದೆ. ಇತ್ತೀಚಿನ ಮೂರು ಮುಖ್ಯ ಆವೃತ್ತಿಗಳಿಗೆ ಮಾತ್ರ ಭದ್ರತಾ ತಿದ್ದುಪಡಿ ಕೊಡುವುದು ಅವರ ನಿಯಮ. ಐದು ಮತ್ತು ಆರನೇ ಆವೃತ್ತಿಗಳ ಕಾಲ 2023ರಲ್ಲೇ ಮುಗಿಯಿತು. ನಿಮ್ಮ ಸೈಟು ಮಲಗಿದ್ದಕ್ಕೆ ತಂತ್ರಾಂಶ ಪುಕ್ಕಟೆ ಎಂಬುದು ಕಾರಣವಲ್ಲ. ಇಷ್ಟು ವರ್ಷ ಅದರ ಕಡೆ ಯಾರೂ ತಿರುಗಿ ನೋಡಲಿಲ್ಲ. ದುಡ್ಡು ಕೊಟ್ಟು ತಂದ ತಂತ್ರಾಂಶವನ್ನು ಹೀಗೆ ಬಿಟ್ಟರೂ ಗತಿ ಇದೇ.

ಪ್ರಾಂಶುಪಾಲರಿಗೆ ತೋರಿಸಲು ಹತ್ತಿರದಲ್ಲೇ ಒಂದು ಉದಾಹರಣೆ ಇದೆ. ಬಿಇಎಲ್ ಸರ್ಕಲ್ ದಾಟಿ ಮತ್ತಿಕೆರೆ ಹಾದು ಹೋದರೆ ಸಿಗುವ ಭಾರತೀಯ ವಿಜ್ಞಾನ ಸಂಸ್ಥೆ 2002ರಲ್ಲಿ ತನ್ನ ಸಂಶೋಧನಾ ಲೇಖನಗಳ ಭಂಡಾರ ತೆರೆಯಿತು. ದೇಶದ ಮೊದಲ ಸಾಂಸ್ಥಿಕ ಭಂಡಾರ ಎಂದು ಅದನ್ನು ಗುರುತಿಸುತ್ತಾರೆ. ತಂತ್ರಾಂಶ ಇಂಗ್ಲೆಂಡಿನ ಸೌತಾಂಪ್ಟನ್ ವಿಶ್ವವಿದ್ಯಾಲಯದ ಈಪ್ರಿಂಟ್ಸ್, ಅದೂ ಮುಕ್ತ ತಂತ್ರಾಂಶವೇ. ಪಿಎಚ್‌.ಡಿ. ಪ್ರಬಂಧಗಳಿಗೆ ಬೇರೆಯಾಗಿ ಡಿಸ್ಪೇಸ್ ಇದೆ. ಆರಂಭಿಸಿದ್ದು ಆವರಣದೊಳಗಿದ್ದ ಎನ್‌ಸಿಎಸ್‌ಐ ಎಂಬ ಕೇಂದ್ರ, ಇಂದು ನೋಡಿಕೊಳ್ಳುತ್ತಿರುವುದು ಜೆ.ಆರ್‌.ಡಿ. ಟಾಟಾ ಸ್ಮಾರಕ ಗ್ರಂಥಾಲಯ. ನಡುವೆ ಸಂಸ್ಥೆಯ ಅಂತರಜಾಲ ವಿಳಾಸವೇ ಅರ್ನೆಟ್‌ನಿಂದ ಎಸಿ ಡಾಟ್ ಇನ್‌ಗೆ ಬದಲಾಯಿತು. ನಡೆಸುವವರು ಬದಲಾದರು, ವಿಳಾಸ ಬದಲಾಯಿತು, ಆವೃತ್ತಿಗಳು ಬದಲಾದವು, ಭಂಡಾರ ಇವತ್ತಿಗೂ ತೆರೆದಿದೆ. ಒಬ್ಬ ವ್ಯಕ್ತಿ ಹೋದ ಮೇಲೂ ಕೆಲಸವನ್ನು ತನ್ನದೆಂದು ಸಂಸ್ಥೆ ಎತ್ತಿಕೊಂಡರೆ ಹೀಗಾಗುತ್ತದೆ.

ವೆಂಡರ್‌ನನ್ನೇ ಬೇಡ ಎನ್ನುತ್ತಿಲ್ಲ. ಗ್ರಂಥಾಲಯ ನಿರ್ವಹಣೆಗೆ ನೀವು ಬಳಸುವ ಕೊಹಾ ತಂತ್ರಾಂಶಕ್ಕೆ ವಾರ್ಷಿಕ ನಿರ್ವಹಣೆಯ ಎಎಂಸಿ ಕೊಡುವಂತೆ ಇದಕ್ಕೂ ಕೊಡಿ, ಸೇವೆಗೆ ದುಡ್ಡು ಕೊಡುವುದರಲ್ಲಿ ತಪ್ಪಿಲ್ಲ. ಆದರೆ ‘ಹೊಸದಾಗಿ ಅಪ್‌ಲೋಡ್ ಮಾಡುತ್ತೇವೆ’ ಎಂಬ ಮಾತಿಗೆ ಮಾತ್ರ ಒಪ್ಪಬೇಡಿ. ಈಗ ಯಾವುದಾದರೊಂದು ಪ್ರಬಂಧದ ಕೊಂಡಿಯನ್ನು ನೋಡಿ. ಅದರಲ್ಲಿ ಹ್ಯಾಂಡಲ್ ಎಂಬ ಪದ, ಪಕ್ಕದಲ್ಲಿ 123456789, ಆಮೇಲೆ ಒಂದು ಸಂಖ್ಯೆ ಇರಬೇಕು. ಆ ಒಂದರಿಂದ ಒಂಬತ್ತು, ತಂತ್ರಾಂಶ ಹಾಕಿದಾಗ ತಾನಾಗಿ ಬರುವ ಮಾದರಿ ಅಂಕಿ. ನೋಂದಣಿ ಮಾಡಿಸಿದ ಸಂಸ್ಥೆಗೆ ತನ್ನದೇ ಅಂಕಿ ಸಿಗುತ್ತದೆ, ದೇಶದ ಪಿಎಚ್‌.ಡಿ. ಪ್ರಬಂಧಗಳ ಭಂಡಾರವಾದ ಶೋಧಗಂಗೆಯದು 10603. ನಮ್ಮ ಎಷ್ಟೋ ಕಾಲೇಜುಗಳು ನೋಂದಣಿ ಮಾಡಿಸಿಲ್ಲ, ನಿಮ್ಮದೂ ಹಾಗೇ ಇದ್ದರೆ ಗಾಬರಿ ಬೇಡ. ಆದರೆ ಆ ಕೊಂಡಿಗಳನ್ನು ನಿಮ್ಮ ವಿದ್ಯಾರ್ಥಿಗಳು ಬಯೋಡೇಟಾದಲ್ಲಿ ಹಾಕಿಕೊಂಡಿರುತ್ತಾರೆ, ಬೇರೆಯವರು ಅಡಿಟಿಪ್ಪಣಿಯಲ್ಲಿ ಕೊಟ್ಟಿರುತ್ತಾರೆ. ಹೊಸದಾಗಿ ಏರಿಸಿದರೆ ಪ್ರತಿಯೊಂದಕ್ಕೂ ಹೊಸ ಸಂಖ್ಯೆ ಬಂದು ಹಳೆಯ ಕೊಂಡಿಗಳೆಲ್ಲ ಸಾಯುತ್ತವೆ. ಡೇಟಾಬೇಸನ್ನೇ ಮುಂದಿನ ಆವೃತ್ತಿಗೆ ಒಯ್ದರೆ ಹಳೆಯ ಸಂಖ್ಯೆ ಹಾಗೇ ಉಳಿದು, ಹಳೆಯ ಕೊಂಡಿ ಹೊಸ ಪುಟಕ್ಕೆ ತಾನೇ ಕರೆದೊಯ್ಯುತ್ತದೆ. ಐದರಿಂದ ಆರು, ಆರರಿಂದ ಏಳು ಎಂದು ಮೆಟ್ಟಿಲು ಹತ್ತಬೇಕಾಗಿಲ್ಲ, ಡೇಟಾಬೇಸ್ ನೇರವಾಗಿ ಹೋಗುತ್ತದೆ. ಕೆಲಸ ಹಿಡಿಯುವುದು ಮುಖಪುಟಕ್ಕೆ. 2021ರ ಏಳನೇ ಆವೃತ್ತಿಯಲ್ಲಿ ಅದನ್ನು ಬುಡದಿಂದ ಹೊಸದಾಗಿ ಕಟ್ಟಿದ್ದಾರೆ, ಆ ಹುಡುಗ ಮಾಡಿದ ಬಣ್ಣ, ಲಾಂಛನ, ಪಟ್ಟಿ ಯಾವುದೂ ಬರುವುದಿಲ್ಲ. ಅದಕ್ಕಾಗಿ ಕೊರಗಬೇಡಿ.

ಕನ್ನಡ ಸಂಚಿಕೆಗಳ ವಿಷಯ ಮಾತ್ರ ಬೇರೆ. 2009ರ ಯುಜಿಸಿ ನಿಯಮ ಬಂದಮೇಲೆ ವಿಶ್ವವಿದ್ಯಾಲಯಗಳು ಪಿಎಚ್‌.ಡಿ. ಪ್ರಬಂಧಗಳನ್ನು ಶೋಧಗಂಗೆಯನ್ನು ನಡೆಸುವ ಇನ್‌ಫ್ಲಿಬ್‌ನೆಟ್‌ಗೆ ಒಪ್ಪಿಸುತ್ತಿವೆ, ಅವುಗಳ ಇನ್ನೊಂದು ಪ್ರತಿ ಶೋಧಗಂಗೆಯಲ್ಲಿ ಸಿಗುವ ಸಾಧ್ಯತೆ ಇದೆ. 1984ರ ನಿಮ್ಮ ವಾರ್ಷಿಕ ಸಂಚಿಕೆ ಬೇರೆಲ್ಲೂ ಇಲ್ಲ. ಪದವಿ ಓದುತ್ತಿದ್ದ ಹುಡುಗಿ ಬರೆದ ಮೊದಲ ಕತೆ, ಯಾರೋ ಮೇಷ್ಟ್ರು ಬರೆದ ಸ್ಥಳಪುರಾಣ ಅದರಲ್ಲೇ ಇದೆ. ಭಂಡಾರದಲ್ಲಿ ಎಲ್ಲಕ್ಕಿಂತ ಬೆಲೆಬಾಳುವುದು ಇದು, ಎಲ್ಲಕ್ಕಿಂತ ಕೆಟ್ಟ ಸ್ಥಿತಿಯಲ್ಲಿರುವುದೂ ಬಹುಶಃ ಇದೇ. ಏಕೆಂದರೆ ಆ ಶೀರ್ಷಿಕೆಗಳಲ್ಲಿ ಕೆಲವನ್ನು ಹಳೆಯ ನುಡಿ ಫಾಂಟಿನಿಂದ ನಕಲು ಮಾಡಿ ಅಂಟಿಸಿದ್ದರೆ, ‘ಕನ್ನಡ’ ಎಂಬ ಮೂರಕ್ಷರ ಅಲ್ಲಿ ಇಂಗ್ಲಿಷ್‌ನ ಪಿ, ಪೌಂಡ್ ಚಿಹ್ನೆ, ತಲೆಯ ಮೇಲೆ ಗೆರೆ ಹೊತ್ತ ಎ ಇವುಗಳ ಸಾಲಾಗಿ ಕೂತಿರುತ್ತದೆ. ಹುಡುಕಿದರೆ ಸಿಗುವುದಿಲ್ಲ. ಯೂನಿಕೋಡ್‌ನಲ್ಲೇ ಬರೆದಿದ್ದರೂ ಇನ್ನೊಂದು ತೊಡಕಿದೆ. ಮೀನಾಕ್ಷಿ ಎಂಬ ಹೆಸರಿನ ‘ಮೀ’ಯನ್ನು ದೀರ್ಘ ಈಕಾರದ ಒಂದೇ ಸಂಕೇತದಿಂದಲೂ ಬರೆಯಬಹುದು, ಹ್ರಸ್ವ ಇಕಾರಕ್ಕೆ ದೀರ್ಘದ ಚಿಹ್ನೆ ಸೇರಿಸಿಯೂ ಬರೆಯಬಹುದು. ಕಣ್ಣಿಗೆ ಎರಡೂ ಒಂದೇ, ಯಂತ್ರಕ್ಕೆ ಇಬ್ಬರು ಮೀನಾಕ್ಷಿಯರು. ಲೇಖಕರ ಪಟ್ಟಿಯಲ್ಲಿ ಒಂದೇ ಹೆಸರು ಎರಡು ಸಲ ಬಂದಿದ್ದರೆ ಕಾರಣ ಇದೇ ಇರಬಹುದು. ಇದನ್ನು ಸರಿಪಡಿಸುವ ಯೂನಿಕೋಡ್ ನಿಯಮವಿದೆ, ಕಂಪ್ಯೂಟರ್ ಬಲ್ಲವರಿಗೆ ಎನ್‌ಎಫ್‌ಸಿ ಎಂದರೆ ಅರ್ಥವಾಗುತ್ತದೆ.

ಈ ಶೀರ್ಷಿಕೆ, ಹೆಸರುಗಳನ್ನು ತಿದ್ದಬಲ್ಲವರು ಇಡೀ ಕಾಲೇಜಿನಲ್ಲಿ ನೀವೇ. ಲಿನಕ್ಸ್ ಬೇಕಿಲ್ಲ. ವಿವರಗಳನ್ನೆಲ್ಲ ಒಂದು ಹಾಳೆಯಾಗಿ ಇಳಿಸಿಕೊಂಡು, ತಿದ್ದಿ, ಒಟ್ಟಿಗೆ ಮರಳಿ ಏರಿಸುವ ಸೌಲಭ್ಯ ಡಿಸ್ಪೇಸ್‌ನಲ್ಲಿದೆ. ಆ ಹಾಳೆಯನ್ನು ಲಿಬ್ರೆಆಫೀಸ್‌ನಲ್ಲಿ ತೆರೆಯಿರಿ, ಎಕ್ಸೆಲ್‌ನಲ್ಲಿ ನೇರವಾಗಿ ತೆರೆದರೆ ಕನ್ನಡ ಕಲಸಿಹೋಗುತ್ತದೆ. ಆದರೆ ಈ ತಿದ್ದುಪಡಿಯನ್ನು ಸ್ಥಳಾಂತರದ ಜೊತೆ ಬೆರೆಸಬೇಡಿ. ಮೊದಲು ಇದ್ದದ್ದು ಇದ್ದ ಹಾಗೆ ಹೊಸ ಯಂತ್ರಕ್ಕೆ ಹೋಗಲಿ, ಎಣಿಕೆ ತಾಳೆಯಾಗಲಿ. ತಿದ್ದುವುದು ಆಮೇಲೆ. ಎರಡೂ ಒಟ್ಟಿಗೆ ನಡೆದರೆ ಏನು ಕಳೆಯಿತು, ಏನನ್ನು ನೀವೇ ಬದಲಿಸಿದಿರಿ ಎಂದು ಹೇಳಲು ಆಗುವುದಿಲ್ಲ.

ಇನ್ನು ಜವಾಬ್ದಾರಿಯ ಮಾತು. ನಿಮ್ಮ ಗ್ರಂಥಾಲಯ ಸಮಿತಿಯ ಮುಂದಿನ ಸಭೆಗೆ ಇದನ್ನು ವಿಷಯವಾಗಿ ತನ್ನಿ, ನಡಾವಳಿಯಲ್ಲಿ ಬರೆಸಿ. ಕಂಪ್ಯೂಟರ್ ವಿಭಾಗದ ಒಬ್ಬರು, ಕನ್ನಡ ವಿಭಾಗದ ಒಬ್ಬರು, ಲೆಕ್ಕಪತ್ರ ಶಾಖೆಯ ಒಬ್ಬರು ಅಲ್ಲಿರಲಿ. ಭಂಡಾರಕ್ಕೆ ಏನು ಸೇರಬೇಕು, ‘ನನ್ನ ಪ್ರಬಂಧ ತೆಗೆಯಿರಿ’ ಎಂದು ಯಾರಾದರೂ ಬಂದರೆ ತೀರ್ಮಾನ ಯಾರದು, ವಿದ್ಯಾರ್ಥಿಯಿಂದ ಒಪ್ಪಿಗೆ ಪತ್ರ ಯಾವ ಹಂತದಲ್ಲಿ ಪಡೆಯಬೇಕು ಎಂಬುದೆಲ್ಲ ಸಮಿತಿಯ ಹೆಸರಿನಲ್ಲಿ ಇತ್ಯರ್ಥವಾಗಬೇಕು. ಇಷ್ಟು ವರ್ಷ ಅದನ್ನು ನೀವು ಒಬ್ಬರೇ ನಿರ್ಧರಿಸುತ್ತಾ ಬಂದಿದ್ದೀರಿ. ಅದು ನಿಮ್ಮ ಒಳ್ಳೆಯತನ, ಆದರೆ ನಿಮಗೆ ಅದರಿಂದ ರಕ್ಷಣೆ ಇಲ್ಲ. ಸರ್ವರ್‌ನ ಪಾಸ್‌ವರ್ಡ್ ಇಬ್ಬರಿಗೆ ಗೊತ್ತಿರಬೇಕು, ಮೊಹರು ಮಾಡಿದ ಲಕೋಟೆಯೊಂದು ಪ್ರಾಂಶುಪಾಲರ ಬೀರುವಿನಲ್ಲಿರಬೇಕು. ವಿಳಾಸ ಯಾರ ಹೆಸರಿನಲ್ಲಿ ನೋಂದಣಿಯಾಗಿದೆ ಎಂದು ಇವತ್ತೇ ನೋಡಿ. ನೀವು ದಿನವೂ ಬಳಸುವ ಕೊಹಾ ನ್ಯೂಜಿಲೆಂಡಿನ ಹೊರೊವೆನುವಾ ಗ್ರಂಥಾಲಯದಲ್ಲಿ 2000ರಲ್ಲಿ ಚಾಲನೆಗೆ ಬಂದದ್ದು. ಮುಂದೆ ಅದರ ಮೂಲ ವಿಳಾಸ ಒಂದು ಕಂಪನಿಯ ಕೈ ಸೇರಿದ್ದರಿಂದ, ಅದನ್ನು ಬೆಳೆಸಿದ ಬಳಗವೇ ಬೇರೆ ವಿಳಾಸ ಹುಡುಕಿಕೊಳ್ಳಬೇಕಾಯಿತು. ನಿಮ್ಮ ಭಂಡಾರ ಕಾಲೇಜಿನ ಸ್ವಂತ ವಿಳಾಸದ ಅಡಿಯಲ್ಲೇ ಇದ್ದರೆ ಆ ಭಯವಿಲ್ಲ. ಬಿಟ್ಟುಹೋದ ಹುಡುಗನ ಹೆಸರಿನಲ್ಲಿದ್ದರೆ ಅವನಿಗೆ ಫೋನ್ ಮಾಡಿ ಸ್ನೇಹದಿಂದಲೇ ಬರೆಸಿಕೊಳ್ಳಿ.

ನ್ಯಾಕ್‌ಗೆ ಮುಂಚೆ ಮುಗಿಸುವ ಆತುರಕ್ಕೆ ನನ್ನ ಸಮ್ಮತಿ ಇಲ್ಲ. ಆತುರದಲ್ಲಿ ಮಾಡಿದ ಸ್ಥಳಾಂತರ ತಂಡದ ಎದುರೇ ಕೈಕೊಟ್ಟರೆ ಆಮೇಲೆ ಯಾರೂ ನಿಮ್ಮ ಮಾತು ಕೇಳುವುದಿಲ್ಲ. ಸಮಿತಿಯ ನಡಾವಳಿ, ಭಂಡಾರದ ನೀತಿ, ಬ್ಯಾಕಪ್ ದಾಖಲೆ, ಸ್ಥಳಾಂತರದ ವೇಳಾಪಟ್ಟಿ, ಇವನ್ನು ಕಡತದಲ್ಲಿಟ್ಟು ತೋರಿಸಿ. ರಜೆಯ ದಿನಗಳಲ್ಲಿ ಹೊಸ ಯಂತ್ರದಲ್ಲಿ ಒಮ್ಮೆ ತಾಲೀಮು ನಡೆಯಲಿ. ನೀವು ನೂರು ದಾಖಲೆಗಳನ್ನು ಆರಿಸಿ, ಅದರಲ್ಲಿ ಅರ್ಧ ಕನ್ನಡದವಿರಲಿ, ಹಳೆಯ ಕೊಂಡಿಯಿಂದ ಹೊಸ ಪುಟ ತೆರೆಯುತ್ತದೆಯೇ, ಪಿಡಿಎಫ್ ಅದೇ ಇದೆಯೇ ಎಂದು ಒಂದೊಂದಾಗಿ ನೋಡಿ ಸಹಿ ಹಾಕಿ. ನಿಮ್ಮ ಸಹಿ ಬೀಳುವವರೆಗೆ ಹಳೆಯದನ್ನು ಮುಚ್ಚಬಾರದು ಎಂದು ವೆಂಡರ್‌ನ ಒಪ್ಪಂದದಲ್ಲೇ ಬರೆಸಿ. ಯಾವಾಗ ಬೇಕಾದರೂ ನಮ್ಮ ಡೇಟಾಬೇಸ್ ಮತ್ತು ಫೈಲುಗಳನ್ನು ಪೂರ್ತಿ ಮರಳಿಸಬೇಕು ಎಂಬುದೂ ಅದರಲ್ಲಿರಲಿ. ಇದಕ್ಕೆ ಒಪ್ಪದವರಿಗೆ ಕೆಲಸ ಕೊಡಬೇಡಿ.

ಸೋಮವಾರ ಪ್ರಾಂಶುಪಾಲರಿಗೆ ಒಂದು ಪುಟದ ಟಿಪ್ಪಣಿ ಕೊಡಿ. ಬ್ಯಾಕಪ್‌ಗೆ ಕಂಪ್ಯೂಟರ್ ವಿಭಾಗದಿಂದ ಒಬ್ಬರನ್ನು ಈ ವಾರ ಕಳಿಸಿಕೊಡಬೇಕು, ಗ್ರಂಥಾಲಯ ಸಮಿತಿ ಸಭೆಗೆ ದಿನಾಂಕ ಕೊಡಬೇಕು, ಮುಂದಿನ ಬಜೆಟ್‌ನಲ್ಲಿ ಭಂಡಾರಕ್ಕೆ ಪ್ರತ್ಯೇಕ ಲೆಕ್ಕಶೀರ್ಷಿಕೆ ತೆರೆಯಬೇಕು ಎಂದಷ್ಟೇ ಕೇಳಿ. ಸ್ವೀಕೃತಿಯ ಮೊಹರು ಹಾಕಿಸಿಕೊಂಡ ಪ್ರತಿಯನ್ನು ನಿಮ್ಮ ಬಳಿ ಇಟ್ಟುಕೊಳ್ಳಿ.