ರ‍್ಯಾಮ್ ಇಳಿಸಿಕೊಳ್ಳಬಹುದೆ?
ಹುಸಿ ಯಂತ್ರಪಾಠಗಳಿಂದ ಕಲಿಯಬಹುದಾದ ನಿಜವಾದ ಭೌತಶಾಸ್ತ್ರ

ಪುಸ್ತಕದ ಬದನೆಕಾಯಿ ಪಲ್ಯಕ್ಕೆ ಬಾರದೆಂಬ ಗಾದೆಯನ್ನು ನಾವೆಲ್ಲರೂ ಬಲ್ಲೆವು. ಈ ಗಾದೆಯನ್ನು ಗಣಕಯಂತ್ರಕ್ಕೆ ಅನ್ವಯಿಸಿ ನೋಡುವ ಪ್ರಸಂಗವೊಂದು ನಮ್ಮ ಪ್ರಯೋಗಶಾಲೆಯಲ್ಲಿ ಒದಗಿತು. ಮೊದಲ ವರ್ಷದ ವಿದ್ಯಾರ್ಥಿಯೊಬ್ಬನು, "ಸಾರ್, ನನ್ನ ಕಂಪ್ಯೂಟರು ಬಹಳ ನಿಧಾನ. ಅಂತರ್ಜಾಲದಿಂದ ಇನ್ನೂ ಎಂಟು ಜೀಬಿ ರ‍್ಯಾಮ್ ಡೌನ್‌ಲೋಡ್ ಮಾಡಿಕೊಳ್ಳಬಹುದೆಂದು ಗೆಳೆಯರು ಹೇಳಿದರು. ಅದು ಹೇಗೆ?" ಎಂದು ಕೇಳಿದನು. ಹಿಂದಿನ ಸಾಲಿನಿಂದ ನಗೆ ಸಿಡಿಯಿತು. ಹುಡುಗನು ತಲೆ ತಗ್ಗಿಸಿದನು. ನಾವು ನಕ್ಕವರ ಕಡೆಗೆ ತಿರುಗಿ, "ಏಕೆ ಆಗದು? ಹಾಡನ್ನು ಇಳಿಸಿಕೊಳ್ಳುತ್ತೀರಿ, ಚಲನಚಿತ್ರವನ್ನು ಇಳಿಸಿಕೊಳ್ಳುತ್ತೀರಿ. ರ‍್ಯಾಮಿಗೆ ಮಾತ್ರ ಏನು ಅಡ್ಡಿ?" ಎಂದು ಪ್ರಶ್ನಿಸಿದೆವು. ನಗೆ ನಿಂತಿತು, ಉತ್ತರ ಬರಲಿಲ್ಲ.

ಅದು ಹಾಸ್ಯವೆಂಬುದು ನಕ್ಕವರಿಗೆ ತಿಳಿದಿತ್ತು. ಏಕೆ ಹಾಸ್ಯವೆಂಬುದು ತಿಳಿದಿರಲಿಲ್ಲ. ಕೇಳಿದವನಿಗೂ ಅವರಿಗೂ ಇದ್ದ ಅಂತರವು ಸುದ್ದಿಯದೇ ಹೊರತು ಜ್ಞಾನದ್ದಲ್ಲ. ಗಣಕಯಂತ್ರವನ್ನೋ ಆಟದ ಯಂತ್ರವನ್ನೋ ಮೊಬೈಲ್ ಫೋನನ್ನೋ ಬಿಡಿಗಾಸಿಲ್ಲದೆ ಉತ್ತಮಪಡಿಸುವ ಬಗೆಯನ್ನು ಗಂಭೀರವಾಗಿ ಬೋಧಿಸುವ ಹುಸಿ ಪಾಠಗಳು ಇಂದು ಹೇರಳವಾಗಿವೆ. ಅವುಗಳಲ್ಲಿ ಕೆಲವನ್ನು ಎತ್ತಿಕೊಂಡು, ತಪ್ಪು ಎಲ್ಲಿ ಅಡಗಿದೆಯೆಂಬುದನ್ನು ವಿಚಾರಿಸೋಣ.

ಮೊದಲು ರ‍್ಯಾಮನ್ನೇ ನೋಡೋಣ. ಹಾಡೆಂಬುದು ಗಣಕಯಂತ್ರದ ಪಾಲಿಗೆ ಸೊನ್ನೆ ಮತ್ತು ಒಂದುಗಳ ಒಂದು ಕ್ರಮ. ಕ್ರಮವನ್ನು ತಂತಿಯ ಮೂಲಕ ಕಳುಹಿಸಬಹುದು. ರ‍್ಯಾಮ್ ಎಂಬುದಾದರೋ ಆ ಕ್ರಮವನ್ನು ಇರಿಸುವ ಸ್ಥಳ, ಅದು ವಸ್ತು. ಅಂಚೆಯಲ್ಲಿ ಬಂದ ಪತ್ರವು ಕಣಜದ ಲೆಕ್ಕವನ್ನು ತರಬಲ್ಲುದು, ಕಣಜವನ್ನು ತರಲಾರದು. ಈಗ ಬಳಕೆಯಲ್ಲಿರುವ ರ‍್ಯಾಮಿನಲ್ಲಿ ಪ್ರತಿಯೊಂದು ಬಿಟ್ಟಿಗೂ ಒಂದು ಟ್ರಾನ್ಸಿಸ್ಟರು ಮತ್ತು ಒಂದು ಅತಿಸೂಕ್ಷ್ಮ ಧಾರಕ ಇರುತ್ತವೆ. ಈ ರಚನೆಗೆ ಐ.ಬಿ.ಎಂ. ಸಂಸ್ಥೆಯ ರಾಬರ್ಟ್ ಡೆನಾರ್ಡ್ ಅವರಿಗೆ 1968ರಲ್ಲಿ ಪೇಟೆಂಟು ದೊರೆಯಿತು. ಧಾರಕದಲ್ಲಿ ವಿದ್ಯುದಾವೇಶ ಇದ್ದರೆ ಒಂದು, ಇಲ್ಲದಿದ್ದರೆ ಸೊನ್ನೆ ಎಂದಿಟ್ಟುಕೊಳ್ಳಬಹುದು. ಎಂಟು ಜೀಬಿ ಎಂದರೆ ಸುಮಾರು 6,870 ಕೋಟಿ ಬಿಟ್ಟುಗಳು. ಆದಕಾರಣ ಅಷ್ಟೇ ಧಾರಕಗಳು ಬೇಕು. ಒಂದೊಂದರ ಧಾರಕತ್ವವನ್ನು ಫ್ಯಾರಡಿನ ನೂರು ಲಕ್ಷಕೋಟಿಯಲ್ಲಿ ಒಂದು ಭಾಗವೆಂದೂ, ವೋಲ್ಟೇಜನ್ನು 1 ವೋಲ್ಟ್ ಎಂದೂ ಭಾವಿಸಿ, ಎರಡನ್ನೂ ಗುಣಿಸಿ, ಬಂದುದನ್ನು ಎಲೆಕ್ಟ್ರಾನಿನ ಆವೇಶದಿಂದ ಭಾಗಿಸಿದರೆ, ಒಂದು ಬಿಟ್ಟನ್ನು ಹಿಡಿದಿಡುವ ಎಲೆಕ್ಟ್ರಾನುಗಳ ಸಂಖ್ಯೆ ಸುಮಾರು 62,000 ಎಂದಾಗುತ್ತದೆ. ಇವೂ ನಿಲ್ಲುವುದಿಲ್ಲ, ಸೋರುತ್ತಲೇ ಇರುತ್ತವೆ. ಆದ್ದರಿಂದ ಸಾಮಾನ್ಯವಾಗಿ 64 ಮಿಲಿಸೆಕೆಂಡಿಗೊಮ್ಮೆ ಪ್ರತಿಯೊಂದು ಧಾರಕವನ್ನೂ ಓದಿ ಮತ್ತೆ ತುಂಬಬೇಕು. ಇಷ್ಟು ಸಿಲಿಕಾನನ್ನು ಯಾವ ತಂತಿಯೂ ಹೊತ್ತು ತರಲಾರದು.

ಇದನ್ನು ಯಾರು ನಂಬುತ್ತಾರೆಂದು ನಗುವ ಮುನ್ನ ಒಂದು ಸಂಗತಿಯನ್ನು ನೆನೆಯಬೇಕು. 1995ರಲ್ಲಿ ಅಮೆರಿಕದಲ್ಲಿ ಸಾಫ್ಟ್‌ರ‍್ಯಾಮ್95 ಎಂಬ ತಂತ್ರಾಂಶವನ್ನು ಹಾಸ್ಯಕ್ಕಾಗಿ ಅಲ್ಲ, ಹಣಕ್ಕಾಗಿಯೇ ಮಾರಲಾಯಿತು. ಅದು ಗಣಕಯಂತ್ರದ ಸ್ಮೃತಿಯನ್ನು ಇಮ್ಮಡಿಗೊಳಿಸುವುದೆಂದು ಪ್ರಚಾರ. ಲಕ್ಷಗಟ್ಟಲೆ ಪ್ರತಿಗಳು ಖರ್ಚಾದುವು. ತಜ್ಞರು ಬಿಚ್ಚಿ ನೋಡಿದಾಗ ಅದು ಹೇಳಿದ ಕೆಲಸವನ್ನು ಮಾಡುತ್ತಲೇ ಇರಲಿಲ್ಲ. 1996ರಲ್ಲಿ ಅಲ್ಲಿಯ ಕೇಂದ್ರ ವಾಣಿಜ್ಯ ಆಯೋಗವು ತಯಾರಕರ ಮೇಲೆ ಕ್ರಮ ಕೈಗೊಂಡಿತು. ಜನ ಮೋಸಹೋದುದಕ್ಕೆ ಕಾರಣವುಂಟು. ರ‍್ಯಾಮ್ ಸಾಲದಾದಾಗ ಗಣಕಯಂತ್ರವು ಡಿಸ್ಕಿನ ಒಂದು ಭಾಗವನ್ನು ಸ್ಮೃತಿಯಂತೆ ಬಳಸಿಕೊಳ್ಳುವುದು ನಿಜ. ಆದರೆ ರ‍್ಯಾಮಿನಿಂದ ಓದಲು ಸೆಕೆಂಡಿನ ಕೋಟಿಯಲ್ಲೊಂದು ಭಾಗ ಸಾಕಾದರೆ, ತಿರುಗುವ ಡಿಸ್ಕಿಗೆ ನೂರರಲ್ಲೊಂದು ಭಾಗ ಬೇಕು; ಅಂದರೆ ಲಕ್ಷಪಟ್ಟು ನಿಧಾನ. ಬೆಳ್ಳಗಿರುವುದೆಲ್ಲ ಹಾಲಲ್ಲ, ಆದರೆ ಹುಸಿಯು ಹಾಲಿನಂತೆ ಬೆಳ್ಳಗಿದ್ದಾಗಲೇ ಮಾರಾಟವಾಗುವುದು.

ಎರಡನೆಯ ಉದಾಹರಣೆ ಆಟದ ಯಂತ್ರದ್ದು. ಮೈಕ್ರೊಸಾಫ್ಟ್ ಕಂಪನಿಯ ಎಕ್ಸ್‌ಬಾಕ್ಸ್ ಒನ್ 2013ರ ನವೆಂಬರಿನಲ್ಲಿ ಮಾರುಕಟ್ಟೆಗೆ ಬಂದಿತು. ಹಿಂದಿನ ಎಕ್ಸ್‌ಬಾಕ್ಸ್ 360ರ ಆಟಗಳು ಅದರಲ್ಲಿ ನಡೆಯುತ್ತಿರಲಿಲ್ಲ. ಮರುತಿಂಗಳೇ ಚಿತ್ರಸಹಿತವಾದ ಪಾಠವೊಂದು ಹರಡಿತು: ಯಂತ್ರದೊಳಗೆ ಅಡಗಿರುವ ತಂತ್ರಜ್ಞರ ಪಟ್ಟಿಯನ್ನು ತೆರೆದು ಇಂತಿಂತಹ ಬದಲಾವಣೆಗಳನ್ನು ಮಾಡಿದರೆ ಹಳೆಯ ಆಟಗಳೆಲ್ಲ ನಡೆಯುವುವು ಎಂದು. ಹಾಗೆ ಮಾಡಿದವರ ಯಂತ್ರವು ಆರಂಭವಾಗುವುದು, ನಿಲ್ಲುವುದು, ಮತ್ತೆ ಆರಂಭವಾಗುವುದು, ಇಷ್ಟರಲ್ಲೇ ಸಿಕ್ಕಿಕೊಂಡಿತು. ಆ ಕ್ರಮವನ್ನು ಅನುಸರಿಸಿದರೆ ಯಂತ್ರ ನಿರುಪಯುಕ್ತವಾದೀತೆಂದು ಕಂಪನಿಯವರೇ ಎಚ್ಚರಿಕೆ ಕೊಡಬೇಕಾಯಿತು. ಹಳೆಯ ಯಂತ್ರದ ಸಂಸ್ಕಾರಕವು ಪವರ್‌ಪಿಸಿ ವರ್ಗದ್ದು. ಹೊಸದು ಎಕ್ಸ್86 ವರ್ಗದ್ದು. ಒಂದರ ಆದೇಶಭಾಷೆ ಇನ್ನೊಂದಕ್ಕೆ ಬಾರದು. ಕನ್ನಡ ತಿಳಿಯದವನ ಕೈಗೆ ಕನ್ನಡದ ಪತ್ರವನ್ನು ಕೊಟ್ಟು, ಕೋಣೆಯ ದೀಪವನ್ನು ಹಚ್ಚಿದ ಮಾತ್ರಕ್ಕೆ ಅವನು ಓದುವನೆ? ಅವನಿಗೆ ಬೇಕಾದವನು ದುಭಾಷಿ. 2015ರ ನವೆಂಬರಿನಲ್ಲಿ ಕಂಪನಿಯು ಅಂತಹ ದುಭಾಷಿಯನ್ನೇ, ಎಂದರೆ ಹಳೆಯ ಯಂತ್ರವನ್ನು ಅನುಕರಿಸುವ ತಂತ್ರಾಂಶವನ್ನು, ರಚಿಸಿ ಹಲವು ಹಳೆಯ ಆಟಗಳನ್ನು ನಡೆಯಿಸಿತು. ಗುರಿ ಅಸಾಧ್ಯವಾಗಿರಲಿಲ್ಲ, ತೋರಿಸಿದ ದಾರಿ ಸುಳ್ಳಾಗಿತ್ತು.

ಮೂರನೆಯದು ಅಪಾಯಕರವಾದುದು. 2014ರ ಸೆಪ್ಟೆಂಬರಿನಲ್ಲಿ, ಆಪಲ್ ಕಂಪನಿಯ ಜಾಹೀರಾತನ್ನೇ ಹೋಲುವ ಒಂದು ನಕಲಿ ಪ್ರಕಟಣೆ, ಐಫೋನನ್ನು ಮೈಕ್ರೊವೇವ್ ಒಲೆಯಲ್ಲಿರಿಸಿ ಚಾರ್ಜ್ ಮಾಡಬಹುದೆಂದು ಸಾರಿತು. ತಂತಿಯಿಲ್ಲದೆ ಫೋನಿಗೆ ವಿದ್ಯುತ್ತನ್ನು ತುಂಬುವ ಕ್ರಮ ನಿಜವಾಗಿಯೂ ಇದೆ. ಅಲ್ಲಿ ಎರಡು ಸುರುಳಿಗಳು ಒಂದಕ್ಕೊಂದು ಹತ್ತಿರವಿದ್ದು, ಸೆಕೆಂಡಿಗೆ ಒಂದು ಲಕ್ಷಕ್ಕೂ ಮಿಕ್ಕಿ ಸಲ ಬದಲಾಗುವ ಕಾಂತಕ್ಷೇತ್ರದಿಂದ ಕೆಲವು ವಾಟ್ ಸಾಮರ್ಥ್ಯ ಪ್ರೇರಣೆಯಾಗುತ್ತದೆ. ಒಲೆಯ ತರಂಗಗಳ ಆವೃತ್ತಿ ಸೆಕೆಂಡಿಗೆ 245 ಕೋಟಿ; ತರಂಗದೂರ ಸುಮಾರು 12 ಸೆಂಟಿಮೀಟರು; ಸಾಮರ್ಥ್ಯ ನೂರಾರು ವಾಟ್. ಅದನ್ನು ಹಿಡಿದು ಬ್ಯಾಟರಿಗೆ ಒಪ್ಪಿಸುವ ಮಂಡಲ ಫೋನಿನಲ್ಲಿಲ್ಲ. ತರಂಗಗಳು ಲೋಹದ ಭಾಗಗಳಲ್ಲಿ ಪ್ರವಾಹವನ್ನುಂಟುಮಾಡಿ ಕಿಡಿ ಹಾರಿಸುತ್ತವೆ. ಕಾದ ಲಿಥಿಯಂ ಬ್ಯಾಟರಿ ಹೊತ್ತಿಕೊಳ್ಳಬಲ್ಲುದು. ಶಕ್ತಿ ಇದ್ದರೆ ಸಾಲದು, ಅದನ್ನು ಸ್ವೀಕರಿಸುವ ವ್ಯವಸ್ಥೆಯೂ ಬೇಕು.

2016ರಲ್ಲಿ ಬಂದ ಐಫೋನ್ 7ರಲ್ಲಿ ಹೆಡ್‌ಫೋನಿನ 3.5 ಮಿಲಿಮೀಟರಿನ ಜಾಕ್ ಇರಲಿಲ್ಲ. ಡ್ರಿಲ್ಲಿನಿಂದ ಕೊರೆದರೆ ಅಡಗಿರುವ ಜಾಕ್ ಹೊರಬೀಳುವುದೆಂದು ತೋರಿಸುವ ಚಲನಚಿತ್ರವೊಂದನ್ನು ಲಕ್ಷಾಂತರ ಜನ ನೋಡಿದರು. ಜಾಕ್ ಎಂದರೆ ರಂಧ್ರವಲ್ಲ. ಧ್ವನಿವರ್ಧಕ ಮಂಡಲಕ್ಕೆ ಜೋಡಿಸಿದ ಲೋಹದ ಸಂಪರ್ಕಗಳು. ರಂಧ್ರವು ಅವುಗಳ ಬಾಗಿಲು ಮಾತ್ರ. ಗೋಡೆಗೆ ಬಾಗಿಲಿಟ್ಟ ಮಾತ್ರಕ್ಕೆ ಹಿಂದೆ ಕೋಣೆ ಹುಟ್ಟುವುದೆ?

ಹಾಗಾದರೆ ಇಂತಹ ಹಾಸ್ಯವೇ ಬೇಡವೆ? ನಮಗೆ ಹಾಗೆನಿಸುವುದಿಲ್ಲ. 1972ರ ಸುಮಾರಿಗೆ ಅಮೆರಿಕದ ಸಿಗ್ನೆಟಿಕ್ಸ್ ಕಂಪನಿಯ ಎಂಜಿನಿಯರೊಬ್ಬರು 25120 ಎಂಬ ಅಂಕಿತದ, ಬರೆಯಲು ಮಾತ್ರ ಬರುವ, ಓದಲು ಎಂದೂ ಬಾರದ ಸ್ಮೃತಿಯೊಂದರ ವಿವರಪತ್ರವನ್ನು ರಚಿಸಿದರು. ಅದರಲ್ಲಿ ಒಂದು ನಕ್ಷೆಯುಂಟು: ಬಿಲ್ಲೆಯನ್ನು ಎಷ್ಟು ಸಲ ಸಾಕೆಟ್ಟಿಗೆ ಸಿಕ್ಕಿಸಿದರೆ ಎಷ್ಟು ಕಾಲುಗಳು ಮುರಿಯದೆ ಉಳಿಯುವುವು ಎಂದು! ಬಿಲ್ಲೆಗಳೊಡನೆ ಗುದ್ದಾಡಿದವರೆಲ್ಲ ಇದನ್ನು ಓದಿ ಮನಸಾರೆ ನಕ್ಕರು. ಯಾರ ಯಂತ್ರವೂ ಕೆಡಲಿಲ್ಲ. ಈ ಹಾಸ್ಯವು ಬಲ್ಲವರನ್ನು ನಗಿಸಿತು. ಕೊರೆಯುವ ಹಾಸ್ಯದ ದಂಡವನ್ನು ತೆರುವವನು ಅರಿಯದವನು. ತಂದೆತಾಯಿಯರು ಕಷ್ಟಪಟ್ಟು ಕೊಡಿಸಿದ ಫೋನು ಹಾಳಾದ ಮೇಲೆ "ತಮಾಷೆಗೆ ಹೇಳಿದೆ" ಎಂಬ ಮಾತು ಅದನ್ನು ಸರಿಪಡಿಸದು.

ಆದ್ದರಿಂದ ಯಾವ ಹೊಸ ಪಾಠ ಕಂಡರೂ ಮೂರು ಪ್ರಶ್ನೆಗಳನ್ನು ಕೇಳಬೇಕು. ಬೇಕಾದ ವಸ್ತು ಎಲ್ಲಿಂದ ಬರುತ್ತದೆ? ಶಕ್ತಿ ಎಲ್ಲಿಂದ ಬರುತ್ತದೆ? ಅದನ್ನು ಬಳಸಿಕೊಳ್ಳುವ ವ್ಯವಸ್ಥೆ ಯಂತ್ರದೊಳಗೆ ಇದೆಯೆ? ಮೂರಕ್ಕೂ ಉತ್ತರ ದೊರೆಯದೆ ತಿರುಪುಳಿಯನ್ನು ಕೈಗೆತ್ತಿಕೊಳ್ಳಬಾರದು.

ಅಂದು ನಾವು ಹಳೆಯ ಗಣಕಯಂತ್ರವೊಂದರ ಮುಚ್ಚಳ ತೆಗೆದು, ರ‍್ಯಾಮಿನ ಪಟ್ಟಿಯನ್ನು ಕಳಚಿ, ಪ್ರಶ್ನೆ ಕೇಳಿದ ಹುಡುಗನ ಅಂಗೈಯಲ್ಲಿಟ್ಟೆವು. ಹಿಂದಿನ ಸಾಲಿನವರೂ ಎದ್ದು ಬಂದು ಸುತ್ತ ನಿಂತರು. ಅವನಿಗಿಂತ ಹೆಚ್ಚಾಗಿ ಅವರಿಗೇ ಅದು ಹೊಸತಾಗಿತ್ತು.

ಅಭ್ಯಾಸ

1. ಹದಿನಾರು ಜೀಬಿ ರ‍್ಯಾಮಿನಲ್ಲಿರುವ ಧಾರಕಗಳೆಷ್ಟು?

2. ಎಕ್ಸ್‌ಟೆನ್ಷನ್ ಬೋರ್ಡಿನ ಪ್ಲಗ್ಗನ್ನು ಅದರದೇ ಸಾಕೆಟ್ಟಿಗೆ ಸಿಕ್ಕಿಸಿದರೆ ಕೊನೆಯಿಲ್ಲದ ವಿದ್ಯುತ್ತು ದೊರೆಯುವುದೆಂದು ಗೆಳೆಯನು ಹೇಳುತ್ತಾನೆ. ಮೇಲಿನ ಮೂರು ಪ್ರಶ್ನೆಗಳಲ್ಲಿ ಯಾವುದರ ಮುಂದೆ ಈ ಮಾತು ಬಿದ್ದುಹೋಗುತ್ತದೆ? ಅವನನ್ನು ನೋಡಿ ನಗದೆ ವಿವರಿಸಿರಿ.