ಪೋಲ್ಕಾದ ನಡೆ, ಮಂದಾನಿಲದ ನಡೆ

ಛಂದಸ್ಸಿನ ತರಗತಿಯಲ್ಲಿ ನಾವು ಪ್ರಸ್ತಾರ ಹಾಕುತ್ತೇವೆ, ಗಣ ವಿಂಗಡಿಸುತ್ತೇವೆ, ಅಂಕವನ್ನೂ ಪಡೆಯುತ್ತೇವೆ. ಆದರೆ ಆ ಗಣಗಳನ್ನು ಕಿವಿಯಿಂದ ಕೇಳುವವರು ವಿರಳ. ಲಯವು ಕಾಗದದ ಮೇಲಿನ ಗುರುಲಘುಗಳ ಗುರುತಾಗಿಯೇ ಉಳಿದುಬಿಡುತ್ತದೆ. ಈ ಕೊರತೆಯನ್ನು ನೀಗಲು, ವಿಚಿತ್ರವೆನಿಸಿದರೂ, ಆಸ್ಟ್ರಿಯಾದ ಒಂದು ಪೋಲ್ಕಾ ನೆರವಾಗುತ್ತದೆ.

ಪೋಲ್ಕಾ 1830ರ ದಶಕದಲ್ಲಿ ಬೊಹೆಮಿಯಾದಲ್ಲಿ ಹುಟ್ಟಿದ ಜೋಡಿ ಕುಣಿತ. ಬೇಗನೆ ವಿಯೆನ್ನಾದ ವಾದ್ಯವೃಂದಗಳಿಗೆ ಪ್ರಿಯವಾಯಿತು. ಅಲ್ಲಿನ ಯೋಸೆಫ್ ಸ್ಟ್ರೌಸ್ (1827–1870) ಸಂಗೀತಕ್ಕೆ ಬರುವ ಮುನ್ನ ಇಂಜಿನಿಯರಾಗಿದ್ದವನು. ವರ್ಟ್‌ಹೈಮ್ ಎಂಬ ತಿಜೋರಿ ತಯಾರಕರು ತಮ್ಮ 20,000ನೆಯ ತಿಜೋರಿಯ ಸಂಭ್ರಮವನ್ನು ಆಚರಿಸಿದಾಗ, 1869ರಲ್ಲಿ, ಅವನು ರಚಿಸಿಕೊಟ್ಟ ಪೋಲ್ಕಾದ ಹೆಸರು ‘ಫಾಯರ್‌ಫೆಸ್ಟ್’, ಅಂದರೆ ಬೆಂಕಿಗೆ ಜಗ್ಗದ್ದು. ಪಿಟೀಲು, ಕೊಳಲುಗಳ ನಡುವೆ ಅಡಿಗಲ್ಲಿನ ಮೇಲೆ ಸುತ್ತಿಗೆಯ ಪೆಟ್ಟು ಕೇಳಿಬರುತ್ತದೆ. ಎರಕದ ಕಾರ್ಖಾನೆಗಳ ಕೊಯಮತ್ತೂರಿನಲ್ಲಿ, ಬನಿಯನ್ ಹೆಣೆಯುವ ಯಂತ್ರಗಳ ತಿರುಪ್ಪೂರಿನಲ್ಲಿ ಬೆಳೆದವರಿಗೆ ಅದು ಗದ್ದಲವೆಂದೇ ತೋರಬೇಕು, ತೋರುವುದಿಲ್ಲ. ಏಕೆಂದರೆ ಪ್ರತಿ ಪೆಟ್ಟೂ ಲೆಕ್ಕದೊಳಗೇ ಬೀಳುತ್ತದೆ.

ಆ ಲೆಕ್ಕ ಯಾವುದು? ಪೋಲ್ಕಾದ ಒಂದು ಆವರ್ತದಲ್ಲಿ ಎರಡು ಪೆಟ್ಟು. ಪ್ರತಿ ಪೆಟ್ಟನ್ನು ಎರಡಾಗಿ ಒಡೆದರೆ ನಾಲ್ಕು ಮಾತ್ರೆ. ಕುಣಿಯುವವರು ಮೂರು ಪುಟ್ಟ ಹೆಜ್ಜೆ ಇಟ್ಟು ಒಮ್ಮೆ ಕುಪ್ಪಳಿಸುತ್ತಾರೆ: ಅದೂ ನಾಲ್ಕು. ಇಂಥ ನಾಲ್ಕು ಆವರ್ತ ಕೂಡಿದರೆ ಹದಿನಾರು ಮಾತ್ರೆ. ಮಂದಾನಿಲ ರಗಳೆಯ ಒಂದು ಸಾಲಿನ ಅಳತೆಯೂ ಇದೇ! ಪೋಲ್ಕಾದ ರಾಗವು ಸಾಮಾನ್ಯವಾಗಿ ಎಂಟು ಆವರ್ತಗಳಲ್ಲಿ ಪೂರ್ಣಗೊಳ್ಳುತ್ತದೆ. ಮೊದಲ ನಾಲ್ಕು ಕೇಳಿದ್ದಕ್ಕೆ ಕಡೆಯ ನಾಲ್ಕು ಉತ್ತರಿಸುತ್ತವೆ. ರಗಳೆಯಲ್ಲಿ ಪ್ರಾಸದಿಂದ ಬೆಸೆದ ಸಾಲುಜೋಡಿ ಮಾಡುವ ಕೆಲಸವೂ ಇದಕ್ಕೆ ಹತ್ತಿರವಾದುದೇ. (ವಾಲ್ಟ್ಸ್ ಎಂಬ ಇನ್ನೊಂದು ವಿಯೆನ್ನಾ ನೃತ್ಯದ್ದು ಮೂರರ ನಡೆ, ಉತ್ಸಾಹ ರಗಳೆಯನ್ನು ಓದಿದವರಿಗೆ ಅದು ಹೊಸತೆನಿಸದು.)

ಹೋಲಿಕೆಯನ್ನು ಮಿತಿಮೀರಿ ಎಳೆಯಬಾರದು. ಹರಿಹರನ ರಗಳೆ ಕಥೆಯ ಹಿಂದೆ ಬೇಕಾದಷ್ಟು ದೂರ ಓಡುತ್ತದೆ, ಹಿಂತಿರುಗಿ ನೋಡುವುದಿಲ್ಲ. ಪೋಲ್ಕಾ ನಡುವೆ ಬೇರೊಂದು ಸೌಮ್ಯಭಾಗವನ್ನು ನುಡಿಸಿ ಮೊದಲ ರಾಗಕ್ಕೇ ಮರಳುತ್ತದೆ. ಕುಣಿತಕ್ಕೆ ಕಥೆ ಬೇಕಿಲ್ಲ, ಮರುಕಳಿಕೆ ಬೇಕು.

ಪಾಶ್ಚಾತ್ಯ ನಡೆಯನ್ನು ನಮ್ಮವರು ಕಿವಿಗೊಟ್ಟು ಕೇಳಿದ್ದಕ್ಕೆ ಸಾಕ್ಷಿಯೂ ಉಂಟು. ಚಾಮುಂಡೇಶ್ವರಿಯ ಮೇಲೆ 108 ಕನ್ನಡ ಕೃತಿಗಳನ್ನು ರಚಿಸಿದ ಮೈಸೂರಿನ ಆಸ್ಥಾನ ವಿದ್ವಾಂಸ ಹರಿಕೇಶನಲ್ಲೂರು ಮುತ್ತಯ್ಯ ಭಾಗವತರೇ ‘ಇಂಗ್ಲಿಷ್ ನೋಟ್’ ಎಂಬ ಸ್ವರರಚನೆಯನ್ನೂ ಮಾಡಿದರು. ಮಧುರೈ ಮಣಿ ಅಯ್ಯರ್ ಅದನ್ನು ಕಚೇರಿಗಳಲ್ಲಿ ಮನೆಮಾತಾಗಿಸಿದರು.

ವಿದ್ಯಾರ್ಥಿಗಳು ಮೊದಲು ‘ಫಾಯರ್‌ಫೆಸ್ಟ್’ ಕೇಳಿ, ಸುತ್ತಿಗೆಯ ಪೆಟ್ಟಿಗೆ ಬೆರಳಿನಿಂದ ಮೇಜು ತಟ್ಟಲಿ. ಬಳಿಕ ಪಠ್ಯದಲ್ಲಿರುವ ಮಂದಾನಿಲದ ಎರಡು ಸಾಲುಗಳನ್ನು ಅದೇ ತಟ್ಟುವಿಕೆಗೆ ಗಟ್ಟಿಯಾಗಿ ಓದಲಿ. ಕೆಲವು ಸಾಲುಗಳು ನಾಲ್ಕು ನಾಲ್ಕಾಗಿ ಒಡೆಯದೆ ಮೂರು ಮತ್ತು ಐದಾಗಿ ಹೊರಳುತ್ತವೆ; ಅಲ್ಲಿ ಬೆರಳು ತಡವರಿಸುತ್ತದೆ. ಆ ಜಾಗವನ್ನು ಗುರುತು ಮಾಡಿಟ್ಟುಕೊಂಡ ಮೇಲೆಯೇ ಪ್ರಸ್ತಾರ ಹಾಕುವುದು.